ಸಸಿ ಕೊಳ್ಳುವ ಮುನ್ನ ಮಳೆಯ ಲೆಕ್ಕ

ಕೃಷಿ ಮೇಳಗಳಲ್ಲಿ ಈಚೆಗೆ ಹೆಚ್ಚು ಜನ ಸೇರುವುದು ಹಣ್ಣಿನ ಸಸಿ ಮಾರುವ ಮಳಿಗೆಗಳ ಮುಂದೆ. ಹಾಸ್ ಬೆಣ್ಣೆಹಣ್ಣು, ರಂಬುಟಾನ್, ಮ್ಯಾಂಗೊಸ್ಟೀನ್, ಬಯಲುಸೀಮೆಗೆ ಒಗ್ಗುವ ಸೇಬು, ಮಿಯಾಜಾಕಿ ಮಾವು. ಸಸಿಯ ಪಕ್ಕದಲ್ಲಿ ಹಣ್ಣಿನ ದೊಡ್ಡ ಬಣ್ಣದ ಚಿತ್ರ, ಅದರ ಕೆಳಗೆ ಬೆಲೆ. ಚಳ್ಳಕೆರೆಯವರೂ ಅದನ್ನೇ ಕೊಳ್ಳುತ್ತಾರೆ, ತೀರ್ಥಹಳ್ಳಿಯವರೂ ಅದನ್ನೇ ಕೊಳ್ಳುತ್ತಾರೆ. ಒಂದು ಊರಿನಲ್ಲಿ ವರ್ಷವಿಡೀ ಸೇರಿ ಐನೂರು ಮಿಲಿಮೀಟರ್ ಮಳೆ ಬಿದ್ದರೆ ಪುಣ್ಯ. ಇನ್ನೊಂದರಲ್ಲಿ ಅಷ್ಟು ಮಳೆ ಜುಲೈ ತಿಂಗಳ ಎರಡು ವಾರದಲ್ಲೇ ಸುರಿದುಹೋಗುತ್ತದೆ. ರಾಗಿಯ ತಳಿ ತಪ್ಪಾಗಿ ಆರಿಸಿದರೆ ಒಂದು ಹಂಗಾಮು ಹಾಳು. ಮರವನ್ನು ತಪ್ಪಾಗಿ ಆರಿಸಿದರೆ ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೇ ಐದಾರು ವರ್ಷ ಕಳೆದಿರುತ್ತದೆ, ಗುಂಡಿಗೆ ಸುರಿದ ಗೊಬ್ಬರ, ಬೋರ್‌ವೆಲ್ ನೀರು, ಬೇಲಿಯ ಖರ್ಚು ಎಲ್ಲವೂ ಹೋಗಿರುತ್ತದೆ. ಆದ್ದರಿಂದ ನಮ್ಮ ಜನ ಹಣ್ಣಿನ ಗಿಡ ಆರಿಸುವ ಈ ಪದ್ಧತಿಯನ್ನೇ ನಿಷ್ಠುರವಾಗಿ ಪರೀಕ್ಷಿಸಬೇಕಾಗಿದೆ.

ಈಗ ಇರುವುದು ಎರಡು ದಾರಿ. ಒಂದು, ಪೇಟೆಯಲ್ಲಿ ಯಾವ ಹಣ್ಣಿಗೆ ಬೆಲೆಯಿದೆಯೋ ಅದನ್ನು ನೆಡುವುದು. ಇನ್ನೊಂದು ಅದಕ್ಕೆ ಎದುರಾಗಿ ಹುಟ್ಟಿದ್ದು: ದೇಸಿ ಹಣ್ಣು ಮಾತ್ರ ನೆಡಬೇಕು, ಹೊರಗಿನದು ಬೇಡ ಎನ್ನುವುದು. ಎರಡನೆಯದರ ಬಗ್ಗೆ ನನಗೆ ಗೌರವವಿದೆ, ಆದರೆ ಅದೂ ಸರಿಯಾದ ಅಳತೆಗೋಲಲ್ಲ. ನಾವು ನಮ್ಮವೇ ಎಂದುಕೊಂಡಿರುವ ಸೀಬೆ, ಸಪೋಟ, ಪಪ್ಪಾಯಿ, ಅನಾನಸು, ಗೇರು ಎಲ್ಲ ಬಂದದ್ದು ಅಮೆರಿಕ ಖಂಡದಿಂದ. ಸೀತಾಫಲವೂ ಅಲ್ಲಿಂದಲೇ ಬಂದದ್ದು. ಆದರೂ ಚಿತ್ರದುರ್ಗದ ಕಲ್ಲುಗುಡ್ಡಗಳಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಅದು ಬೆಳೆದು ನಿಂತಿದೆ. ಬೇಸಿಗೆ ಬರುತ್ತಿದ್ದಂತೆ ಎಲೆ ಉದುರಿಸಿ ಬರಿ ಕಡ್ಡಿಯಾಗುತ್ತದೆ. ಬಿಸಿಲಿನ ತಿಂಗಳುಗಳಲ್ಲಿ ಅದಕ್ಕೆ ಬೇಕಾದ ನೀರು ತೀರಾ ಕಡಿಮೆ. ಮುಂಗಾರಿಗೆ ಮುಂಚಿನ ಮಳೆಗೆ ಚಿಗುರಿ ಹೂ ಬಿಡುತ್ತದೆ, ಮಳೆಗಾಲದಲ್ಲಿ ಕಾಯಿ ದಪ್ಪವಾಗುತ್ತದೆ, ಆಯುಧಪೂಜೆಯ ಆಸುಪಾಸಿಗೆ ಹಣ್ಣು ಸಂತೆಗೆ ಬರುತ್ತದೆ. ಎಲಚಿಯೂ ಹೀಗೆಯೇ. ಬೇಸಿಗೆಯಲ್ಲಿ ಎಲೆ ಕಳಚಿ, ಆಳಕ್ಕೆ ಬೇರಿಳಿಸಿ ಕಾದು, ಮಳೆಗೆ ಚಿಗುರಿ, ಚಳಿಯಲ್ಲಿ ಹಣ್ಣು ಕೊಡುತ್ತದೆ. ಒಂದು ಹೊರಗಿನದು, ಇನ್ನೊಂದು ಇಲ್ಲಿಯದು. ಬಯಲುಸೀಮೆಗೆ ಎರಡೂ ಸಮನಾಗಿ ಒಗ್ಗುತ್ತವೆ.

ಮರದ ಹುಟ್ಟೂರು ಯಾವುದು, ಅದು ಎಷ್ಟು ಮಳೆ ಕೇಳುತ್ತದೆ ಎಂಬ ಪ್ರಶ್ನೆಗಳಿಗಿಂತ ಮುಖ್ಯವಾದ ಪ್ರಶ್ನೆ ಬೇರೆಯಿದೆ. ಅದು ಹೂ ಬಿಡುವಾಗ ನಿಮ್ಮೂರಿನ ಹವೆ ಹೇಗಿರುತ್ತದೆ? ಹಣ್ಣಾಗುವಾಗ ಹೇಗಿರುತ್ತದೆ? ಬೇಸಾಯಗಾರರು ಬಿತ್ತನೆಗೆ ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ಮಳೆಗಳನ್ನು ಹೆಸರಿಟ್ಟು ಲೆಕ್ಕ ಹಾಕುತ್ತಾರೆ. ಮರ ನೆಡುವಾಗ ಮಾತ್ರ ಆ ಲೆಕ್ಕವನ್ನು ಕೈಬಿಡುತ್ತೇವೆ. ನಮ್ಮ ಪದ್ಧತಿಯ ದೊಡ್ಡ ದೋಷ ಇದು.

ಮಾವನ್ನೇ ನೋಡಿ. ಮಾವಿಗೆ ಹೂ ಬರಬೇಕಾದರೆ ಹಿಂಗಾರು ನಿಂತು ಮಣ್ಣು ಒಣಗಬೇಕು, ರಾತ್ರಿ ತಂಪಿರಬೇಕು. ಆಗ ಚಿಗುರಬೇಕಾದ ಮೊಗ್ಗು ಹೂವಿನ ಮೊಗ್ಗಾಗುತ್ತದೆ. ಹೂ ಬಿಟ್ಟ ಮೇಲೆ ಮೋಡ ಕವಿದು ಮಳೆ ಹನಿದರೆ ಬೂದಿರೋಗ, ಚಿಬ್ಬುರೋಗ, ಜಿಗಿಹುಳು ಸೇರಿ ಹೂವನ್ನು ಕರಿಕಾಗಿಸುತ್ತವೆ. ರಾಮನಗರದ ಕಡೆ ಹಣ್ಣು ಏಪ್ರಿಲ್ ಹೊತ್ತಿಗೆ ಮಾರುಕಟ್ಟೆಗೆ ಬಂದರೆ ಕೋಲಾರದ ಶ್ರೀನಿವಾಸಪುರದ ಸುಗ್ಗಿ ಮೇ ಕೊನೆಯಿಂದ ಜುಲೈವರೆಗೆ. ಎರಡರ ನಡುವೆ ನೂರೈವತ್ತು ಕಿಲೋಮೀಟರ್ ದೂರವೂ ಇಲ್ಲ. ಮಾವು ಎಲ್ಲಿ ಬೇಕಾದರೂ ಬರುತ್ತದೆ ಎನ್ನುವವರು ಇದನ್ನು ಗಮನಿಸಬೇಕು. ಮರ ಬರುತ್ತದೆ, ನಿಜ. ಹಣ್ಣು ಯಾವಾಗ, ಯಾವ ಸ್ಥಿತಿಯಲ್ಲಿ ಬರುತ್ತದೆ ಎಂಬುದನ್ನು ಊರು ತೀರ್ಮಾನಿಸುತ್ತದೆ.

ಮಲೆನಾಡಿನಲ್ಲಿ ಬಾದಾಮಿ ಮಾವು ನೆಟ್ಟು ಕೈಸುಟ್ಟುಕೊಂಡವರು ಬಹಳ. ಹಣ್ಣು ಬಲಿಯುವಷ್ಟರಲ್ಲಿ ಮಳೆ ಶುರುವಾಗಿರುತ್ತದೆ, ಕೊಯ್ದು ನೋಡಿದರೆ ಒಳಗೆ ಹುಳು. ಅದೇ ಮಲೆನಾಡಿನ ಹಿರಿಯರು ಮಾವಿನ ಜೊತೆ ಬೇರೆ ಬಗೆಯ ಒಪ್ಪಂದ ಮಾಡಿಕೊಂಡಿದ್ದರು. ಅಘನಾಶಿನಿ, ಶರಾವತಿ, ವರದಾ ದಂಡೆಗಳ ಅಪ್ಪೆಮಿಡಿ ಮರಗಳಿಂದ ಅವರು ಹಣ್ಣನ್ನು ಕಾಯಲೇ ಇಲ್ಲ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮಿಡಿ ಇಳಿಸಿ ಉಪ್ಪಿಗೆ ಹಾಕಿಬಿಟ್ಟರು. ಮಳೆಯಾಗಲಿ ಹಣ್ಣುನೊಣವಾಗಲಿ ಬರುವ ಮೊದಲೇ ಫಸಲು ಭರಣಿಯಲ್ಲಿ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕ ಸಿಕ್ಕಿದೆ, ಅದರ ಪರಿಮಳವನ್ನು ಎಲ್ಲರೂ ಹೊಗಳುತ್ತಾರೆ. ಆ ಹವೆಯಲ್ಲಿ ಮಾವಿನಿಂದ ಪಡೆಯಬಹುದಾದ ಅತ್ಯುತ್ತಮ ಫಸಲು ಮಿಡಿಯೇ ಎಂದು ಕಂಡುಕೊಂಡ ಈ ಜಾಣ್ಮೆಯೂ ಅಷ್ಟೇ ಹೊಗಳಿಕೆಗೆ ಅರ್ಹ. ಇದನ್ನು ನಾನು ತೋಟಗಾರಿಕೆಯ ಬಹು ದೊಡ್ಡ ಸಾಧನೆ ಎಂದೇ ಎಣಿಸುತ್ತೇನೆ.

ಕರಾವಳಿಯ ಮುರುಗಲು, ಅಂದರೆ ಪುನರ್ಪುಳಿಯದೂ ಇದೇ ಕಥೆ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾದರೆ ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿ ವರ್ಷಕ್ಕೆ ಇಟ್ಟುಕೊಳ್ಳಬಹುದು. ಜೂನ್ ಮಳೆಗೆ ಸಿಕ್ಕ ಹಣ್ಣು ಮರದ ಬುಡದಲ್ಲೇ ಕೊಳೆಯುತ್ತದೆ. ಕೊಂಕಣದ ದಾಪೋಲಿ ಕೃಷಿ ವಿಶ್ವವಿದ್ಯಾಲಯದವರು ಕೊಂಕಣ ಅಮೃತಾ ಎಂಬ ತಳಿ ಆರಿಸಿದಾಗ ಮಳೆಗೆ ಮುಂಚೆ ಹಣ್ಣಾಗುವ ಗುಣಕ್ಕೆ ಬೆಲೆ ಕೊಟ್ಟರು. ತಳಿ ಆಯ್ಕೆ ಹೀಗೆ ನಡೆಯಬೇಕು.

ಬಯಲುಸೀಮೆಯ ದಾಳಿಂಬೆಯ ಕಥೆ ಇನ್ನೂ ಕಠಿಣ ಪಾಠ. ದಾಳಿಂಬೆ ಬೆಳೆಗಾರರು ಮೊದಲಿನಿಂದಲೂ ಹಂಗಾಮಿನ ಲೆಕ್ಕ ಬಲ್ಲವರು. ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಮತ್ತೆ ನೀರು ಬಿಟ್ಟು ತಮಗೆ ಬೇಕಾದಾಗ ಹೂ ತರಿಸುತ್ತಾರೆ. ಜನವರಿ, ಫೆಬ್ರವರಿಯಲ್ಲಿ ಹೂ ತರಿಸಿದರೆ ಅಂಬೆ ಬಹಾರ್, ಜೂನ್, ಜುಲೈಯಲ್ಲಿ ಮೃಗ ಬಹಾರ್, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಸ್ತ ಬಹಾರ್. ಅಂಬೆ ಬಹಾರಿಗೆ ಬೇಸಿಗೆಯುದ್ದಕ್ಕೂ ನೀರು ಬೇಕು. ಮೃಗ ಬಹಾರಿಗೆ ನೀರು ಮಳೆಯಿಂದಲೇ ಸಿಗುತ್ತದೆ, ಆದರೆ ಕಾಯಿ ಬೆಳೆಯುವುದು ತೇವದ ತಿಂಗಳುಗಳಲ್ಲಿ. ದುಂಡಾಣು ಅಂಗಮಾರಿ ಹರಡುವುದೂ ಅದೇ ತಿಂಗಳುಗಳಲ್ಲಿ, ಎಲೆಯಿಂದ ಎಲೆಗೆ ಸಿಡಿಯುವ ಮಳೆಹನಿಯ ಮೂಲಕ. ಭಗವಾ ತಳಿಯ ಬೆಲೆ ನೋಡಿ ಕೊಪ್ಪಳ, ಬಳ್ಳಾರಿ, ಬಾಗಲಕೋಟೆ, ಚಿತ್ರದುರ್ಗದ ರೈತರು ಸಾಲ ಮಾಡಿ ನೆಟ್ಟರು. ಅಂಗಮಾರಿ ಬಂದು ತೋಟಕ್ಕೆ ತೋಟವೇ ಕಿತ್ತುಹಾಕುವ ಸ್ಥಿತಿ ತಂದಿತು. ರೋಗ ಬಹಳ ಕಡೆ ಬಂದದ್ದು ರೋಗವಿದ್ದ ತಾಯಿಗಿಡದಿಂದ ಕಟ್ಟಿದ ಗೂಟಿ ಸಸಿಯ ಜೊತೆಗೇ. ಹಸ್ತ ಬಹಾರಿನಲ್ಲಿ ಒಣಹವೆ ಇರುವುದರಿಂದ ರೋಗ ಕಡಿಮೆ, ಆದರೆ ಅದಕ್ಕೆ ಮಳೆಗಾಲದ ಕೊನೆಯಲ್ಲಿ ಗಿಡವನ್ನು ಬಾಡಿಸಬೇಕು. ಗರಸು ಮಣ್ಣಿನಲ್ಲಿ ಅದು ಸಾಧ್ಯ. ನೀರು ಹಿಡಿದಿಡುವ ಎರೆ ಭೂಮಿಯಲ್ಲಿ ಬಹಳ ಕಷ್ಟ. ಅಂದರೆ ಒಂದೇ ತಳಿ, ಒಂದೇ ತಾಲ್ಲೂಕು, ಆದರೂ ಮಣ್ಣು ಬದಲಾದಂತೆ ತೀರ್ಮಾನ ಬದಲಾಗಬೇಕು. ಇಷ್ಟು ವಿವರ ಯಾವ ಮಳಿಗೆಯ ಚಿತ್ರದ ಕೆಳಗೂ ಇರುವುದಿಲ್ಲ.

ಈಗ ಮಿಯಾಜಾಕಿ ಮಾವಿಗೆ ಬರೋಣ. ಕಿಲೋಗೆ ಲಕ್ಷ ರೂಪಾಯಿ ಎಂಬ ಸುದ್ದಿಯ ಬಲದ ಮೇಲೆ ಇದರ ಸಸಿಗಳು ಮಾರಾಟವಾಗುತ್ತಿವೆ. ಮಿಯಾಜಾಕಿ ಜಪಾನಿನ ಒಂದು ಪ್ರಾಂತದ ಹೆಸರು. ಅಲ್ಲಿ ಬೆಳೆಯುವ ತಳಿ ಇರ್ವಿನ್, ಅದು ಹುಟ್ಟಿದ್ದು ಅಮೆರಿಕದ ಫ್ಲಾರಿಡಾದಲ್ಲಿ. ಜಪಾನಿನ ಬೆಳೆಗಾರರು ಅದನ್ನು ಹಸಿರುಮನೆಯೊಳಗೆ ಬೆಳೆಯುತ್ತಾರೆ. ಒಂದೊಂದು ಹಣ್ಣಿಗೂ ಬಲೆ ಕಟ್ಟಿ, ಅದು ತಾನಾಗಿ ಕಳಚಿ ಬಲೆಗೆ ಬೀಳುವವರೆಗೆ ಕಾಯುತ್ತಾರೆ. ತೂಕ 350 ಗ್ರಾಂ ಮೀರಬೇಕು, ಸಕ್ಕರೆಯ ಅಂಶ ನಿಗದಿತ ಮಟ್ಟಕ್ಕೆ ಇರಬೇಕು, ಬಣ್ಣ ತುಂಬಿರಬೇಕು. ಆಗ ಮಾತ್ರ ಅದು ದುಬಾರಿ ಹಣ್ಣು. ಆ ಬೆಲೆ ಹಸಿರುಮನೆಗೆ, ದುಡಿಮೆಗೆ, ಉಡುಗೊರೆ ಕೊಡುವ ಜಪಾನಿನ ಸಂಪ್ರದಾಯಕ್ಕೆ ಸಲ್ಲುವ ಬೆಲೆ. ಅದು ಸಸಿಯ ಜೊತೆಗೆ ಬರುವುದಿಲ್ಲ. ಬಯಲಲ್ಲಿ ನೆಟ್ಟ ಇರ್ವಿನ್ ಒಂದು ಕೆಂಪು ಮಾವು, ಅಷ್ಟೆ. ನಮ್ಮ ರಸಪುರಿಯನ್ನೋ ಮಲ್ಲಿಕಾವನ್ನೋ ತಿಂದವರಿಗೆ ಅದರ ರುಚಿ ದೊಡ್ಡದೆನಿಸದು.

ಸೇಬಿನ ವಿಷಯ ಇಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಕಾಶ್ಮೀರ, ಶಿಮ್ಲಾದ ಡೆಲಿಶಿಯಸ್ ತಳಿಗಳಿಗೆ ಏಳು ಡಿಗ್ರಿಗಿಂತ ಕಡಿಮೆ ಚಳಿ ಸಾವಿರ ಗಂಟೆಯಷ್ಟು ಬೇಕು. ಅಷ್ಟು ಸಿಗದಿದ್ದರೆ ಮೊಗ್ಗು ನಿದ್ದೆಯಿಂದ ಏಳುವುದಿಲ್ಲ. ಹಿಮಾಚಲದ ಬಿಲಾಸಪುರ ಜಿಲ್ಲೆಯ ಪನ್ಯಾಲ ಸೇಬಿನ ಊರಲ್ಲ, ಸೆಕೆಯ ತಗ್ಗುಪ್ರದೇಶ. ಅಲ್ಲಿನ ರೈತ ಹರಿಮನ್ ಶರ್ಮಾ ತಮ್ಮ ಹಿತ್ತಲಲ್ಲಿ ಬೀಜದಿಂದ ಹುಟ್ಟಿದ ಒಂದು ಸೇಬಿನ ಸಸಿ ಆ ಸೆಕೆಯಲ್ಲೂ ಚೆನ್ನಾಗಿ ಬೆಳೆದದ್ದನ್ನು ಗಮನಿಸಿದರು, ಕಸಿ ಕಟ್ಟಿ ಉಳಿಸಿದರು. ಅದೇ ಎಚ್‌ಆರ್‌ಎಂಎನ್-99. ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಯೋಗ್ಯವಾಗಿಯೇ ಬಂದದ್ದು. ಕರ್ನಾಟಕದ ಬಯಲಿನಲ್ಲೂ ಈ ಗಿಡ ಬದುಕುತ್ತದೆ, ಕಾಯಿ ಬಿಡುತ್ತದೆ. ಆದರೆ ಚಳಿಯಿಲ್ಲದ ಊರಿನಲ್ಲಿ ಸೇಬಿನ ಮೊಗ್ಗುಗಳು ಒಟ್ಟಿಗೆ ಒಡೆಯುವುದಿಲ್ಲ. ಎಲೆಗಳನ್ನು ಕೈಯಿಂದ ಕಿತ್ತು ಗಿಡವನ್ನು ಚಿಗುರಿಸಬೇಕಾಗುತ್ತದೆ. ಜಾವಾದ ಬಾಟು ಎಂಬಲ್ಲಿ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ ಹೀಗೆಯೇ ಎಲೆ ಕಿತ್ತು ರೋಮ್ ಬ್ಯೂಟಿ ಸೇಬನ್ನು ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಸಾಧ್ಯವೇ ಎಂದರೆ ಸಾಧ್ಯ. ಕೂಲಿಯಾಳು ಸಿಗದ ನಮ್ಮ ಹಳ್ಳಿಗಳಲ್ಲಿ ಇದು ಲಾಭವೇ ಎಂದರೆ, ಎಕರೆಗಟ್ಟಲೆ ನೆಡಿ ಎಂದು ನಾನು ಯಾರಿಗೂ ಹೇಳಲಾರೆ. ಹಿತ್ತಲಲ್ಲಿ ಒಂದೆರಡು ಗಿಡ ಇಟ್ಟು ಮಕ್ಕಳಿಗೆ ತೋರಿಸುವುದಾದರೆ ಸಂತೋಷ.

ನಾವು ಹರಿಮನ್ ಶರ್ಮಾರ ಗಿಡವನ್ನು ತಂದುಕೊಂಡೆವು, ಅವರ ವಿಧಾನವನ್ನು ಬಿಟ್ಟುಬಂದೆವು. ತಮ್ಮ ಊರಿನ ಹವೆಯಲ್ಲಿ ಯಾವ ಮರ ಚೆನ್ನಾಗಿ ಕಾಯಿ ಬಿಡುತ್ತಿದೆ ಎಂದು ವರ್ಷಗಟ್ಟಲೆ ನೋಡುವುದು, ಅದರಿಂದ ಕಸಿ ಕಟ್ಟುವುದು, ಇದು ಅವರ ವಿಧಾನ. ಇಂದು ಜಗತ್ತೆಲ್ಲ ತಿನ್ನುವ ಹಾಸ್ ಬೆಣ್ಣೆಹಣ್ಣು ಕೂಡ ಕ್ಯಾಲಿಫೋರ್ನಿಯಾದ ಒಬ್ಬ ಅಂಚೆಯಣ್ಣ ನೆಟ್ಟ ಬೀಜದಿಂದ ಹುಟ್ಟಿ 1935ರಲ್ಲಿ ಪೇಟೆಂಟ್ ಪಡೆದದ್ದು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ನಮ್ಮಲ್ಲಿ ಬೇಸಿಗೆ ಮುಗಿದ ಮೇಲೆ. ಕೊಡಗು, ಚಿಕ್ಕಮಗಳೂರಿನ ತಂಪಿನಲ್ಲಿ ಬೆಣ್ಣೆಹಣ್ಣು ಹಿಂದಿನಿಂದಲೂ ಕಾಫಿ ತೋಟಗಳಲ್ಲಿ ಬರುತ್ತಿದೆ, ಚೆಟ್ಟಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರ ಅಲ್ಲಿಗೆ ಹೊಂದುವ ತಳಿಗಳನ್ನೂ ಆರಿಸಿದೆ. ಬಳ್ಳಾರಿಯ ಏಪ್ರಿಲ್ ಗಾಳಿಗೆ ಹಾಸ್ ಮರದ ಹೀಚು ನಿಲ್ಲುವುದು ಕಷ್ಟ. ನೀರು ನಿಲ್ಲುವ ಮಣ್ಣಿನಲ್ಲಾದರೆ ಬೇರೇ ಕೊಳೆಯುತ್ತದೆ.

ನಮ್ಮಲ್ಲೂ ಒಳ್ಳೆಯ ಮಾದರಿ ಇದೆ. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಒಂದು ಮನೆತನದವರು ಕಾಪಾಡಿಕೊಂಡು ಬಂದ ಕೆಂಪು ತೊಳೆಯ ಹಲಸಿನ ಮರವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಗುರುತಿಸಿ, ಸಿದ್ದು ಎಂಬ ಹೆಸರಿನಲ್ಲಿ ಕಸಿ ಸಸಿ ಮಾಡಲು ನೆರವಾಯಿತು, ಮಾರಾಟದ ಲಾಭದ ದೊಡ್ಡ ಪಾಲು ಆ ಮನೆಯವರಿಗೇ ಸೇರುವಂತೆ ಒಪ್ಪಂದ ಮಾಡಿತು. ಇದು ಮೆಚ್ಚತಕ್ಕ ಕೆಲಸ. ಆದರೆ ತುಮಕೂರಿನ ಮಳೆಯಲ್ಲಿ ಪಳಗಿದ ಸಿದ್ದುವನ್ನು ಕರಾವಳಿಗೆ ಒಯ್ಯುವವರು ಅದು ಅಲ್ಲಿ ಯಾವ ತಿಂಗಳು ಹಣ್ಣಾಗುತ್ತದೆ ಎಂದು ಮೊದಲು ವಿಚಾರಿಸಲಿ. ಜಡಿಮಳೆಗೆ ಸಿಕ್ಕ ಹಲಸು ಸಪ್ಪೆಯಾಗುತ್ತದೆ ಎಂಬುದು ಅಲ್ಲಿಯ ಯಾವ ಅಜ್ಜಿಗೂ ಗೊತ್ತು. ಕರಾವಳಿಗೆ ಬೇಕಾದ ಹಲಸು ಕರಾವಳಿಯ ಹಿತ್ತಿಲುಗಳಲ್ಲೇ ಇದೆ, ಹುಡುಕುವವರು ಬೇಕು.

ರಾಜ್ಯವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ಮಾಡಿ, ವಲಯವಾರು ಬೆಳೆಗಳ ಪಟ್ಟಿ ಕೊಡುವ ಕ್ರಮವಿದೆ. ಅದು ಉಪಯುಕ್ತ, ಆದರೆ ಸಾಲದು. ಪಟ್ಟಿ ಮಾವು ಎನ್ನುತ್ತದೆ. ಬಾದಾಮಿ ಬೇರೆ, ತೋತಾಪುರಿ ಬೇರೆ. ಎಂ. ಎಚ್. ಮರಿಗೌಡರು ತೋಟಗಾರಿಕೆ ನಿರ್ದೇಶಕರಾಗಿದ್ದ ಕಾಲದಲ್ಲಿ ಒಣಭೂಮಿ ತೋಟಗಾರಿಕೆಯನ್ನು ಪ್ರತಿಪಾದಿಸಿ ರಾಜ್ಯದುದ್ದಕ್ಕೂ ಇಲಾಖೆಯ ತೋಟ, ಸಸ್ಯಕ್ಷೇತ್ರಗಳನ್ನು ಕಟ್ಟಿದರು. ಆಯಾ ಊರಿನ ಗಿಡ ಆಯಾ ಊರಿನಲ್ಲೇ ಸಿಗಲು ಬೇಕಾದ ನೆಲೆಗಟ್ಟು ಅದು. ಆ ದಾರಿಯನ್ನು ಇನ್ನಷ್ಟು ಬಲಪಡಿಸಬೇಕಿತ್ತು. ಒಣಭೂಮಿಗೆ ಇನ್ನೊಂದು ಒಳ್ಳೆಯ ಕ್ರಮವಿದೆ. ಗುಂಡಿಯಲ್ಲೇ ನಾಟಿ ಮಾವಿನ ಓಟೆ ಊರಿ, ತಾಯಿಬೇರು ನೇರವಾಗಿ ಆಳಕ್ಕಿಳಿಯಲು ಬಿಟ್ಟು, ಮುಂದೆ ಅದೇ ಗಿಡಕ್ಕೆ ಬೇಕಾದ ತಳಿಯ ಮೃದುಕಾಂಡ ಕಸಿ ಕಟ್ಟುವುದು. ಪಾಲಿಥಿನ್ ಚೀಲದಲ್ಲಿ ಬೇರು ಸುತ್ತಿಕೊಂಡ ಸಸಿಗಿಂತ ಇದು ಬರವನ್ನು ಚೆನ್ನಾಗಿ ತಾಳುತ್ತದೆ. ನಿಧಾನವಾದ್ದರಿಂದ ಇದನ್ನು ಕೇಳುವವರು ಕಡಿಮೆ. ನೀರಾವರಿ ಇಲ್ಲದವರು ಇದನ್ನೇ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಸಿ ಮಾರುವವರ ಹೊಣೆಯೂ ಇದೆ. ಮುರುಗಲು, ರಂಬುಟಾನ್ ಬೀಜದಿಂದ ಎಬ್ಬಿಸಿದರೆ ಗಂಡು ಗಿಡವೂ ಬರಬಹುದು. ವರ್ಷಗಟ್ಟಲೆ ಸಾಕಿದ ಮೇಲೆ ಕಾಯೇ ಬಿಡದೆ ಹೋದರೆ ರೈತ ಯಾರನ್ನು ಕೇಳಬೇಕು? ಆದ್ದರಿಂದ ತೋಟಗಾರಿಕೆ ಇಲಾಖೆಗೆ ನನ್ನ ಕೋರಿಕೆ ಇಷ್ಟು. ಮಾರಾಟವಾಗುವ ಪ್ರತಿ ಹಣ್ಣಿನ ಸಸಿಗೂ ಒಂದು ಚೀಟಿ ಕಡ್ಡಾಯ ಮಾಡಿ. ತಾಯಿಮರ ಇರುವ ಊರು, ಕಸಿಯೋ ಬೀಜದ ಗಿಡವೋ, ತಾಯಿಮರ ಹೂ ಬಿಡುವ ತಿಂಗಳು, ಹಣ್ಣಾಗುವ ತಿಂಗಳು ಅದರಲ್ಲಿ ಇರಲಿ. ಕೊಳ್ಳುವವರೂ ಅಷ್ಟನ್ನು ಕೇಳಿ, ಉತ್ತರ ಸಿಗದಿದ್ದರೆ ಸಸಿಯನ್ನು ಅಲ್ಲೇ ಇಟ್ಟು ಬನ್ನಿ.