ಬೆಳಗಾವಿಯ ಪ್ರಸೂತಿಶೋಧಪತ್ರ: ಒಂದು ವಿಮರ್ಶೆ

ಶಾಸ್ತ್ರಗ್ರಂಥದ ವಿಮರ್ಶೆಯು ಕಾವ್ಯವಿಮರ್ಶೆಯಂತೆ ರಸದೃಷ್ಟಿಯಿಂದ ಹೊರಡತಕ್ಕುದಲ್ಲ. ಪ್ರತಿಜ್ಞೆಗೂ ಹೇತುವಿಗೂ ಸಂಬಂಧವು ದೃಢವಾಗಿರುವುದೇ ಎಂಬುದೇ ಅಲ್ಲಿ ಮುಖ್ಯವಾಗಿ ಪರೀಕ್ಷಣೀಯವು. ಕೀರ್ತಿವರ್ಮನ ಗೋವೈದ್ಯವನ್ನೂ ಮಂಗರಾಜನ ಖಗೇಂದ್ರಮಣಿದರ್ಪಣವನ್ನೂ ಸಾಹಿತ್ಯಚರಿತ್ರೆಯಲ್ಲಿ ಸೇರಿಸಿಕೊಂಡಿರುವ ನಾವು, ನಮ್ಮ ನಾಡಿನಲ್ಲಿಯೇ ಹುಟ್ಟಿದ ನೂತನ ವೈದ್ಯಶೋಧವನ್ನು ಪರಕೀಯವೆಂದು ಬಿಡುವುದು ಉಚಿತವಲ್ಲ. ಆದುದರಿಂದ, ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಭಾಲಚಂದ್ರ ಕೊಡ್ಕಣಿ, ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ರಿಚರ್ಡ್ ಡರ್ಮನ್ ಮೊದಲಾದವರೊಡನೆ ಸೇರಿ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಶೋಧಪತ್ರವನ್ನು ಇಲ್ಲಿ ವಿಚಾರಿಸುತ್ತೇನೆ.

ವಿಷಯವಾವುದೆಂದರೆ, ಹೆರಿಗೆಯಾದೊಡನೆ ತಾಯಿಗುಂಟಾಗುವ ಅತಿರಕ್ತಸ್ರಾವ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಪ್ರಸವವಿಧಿಯೂ ಮಾಸು ಬೀಳದಿದ್ದರೆ ಮಾಡತಕ್ಕ ಉಪಾಯಗಳೂ ಉಕ್ತವಾಗಿವೆ. ಪ್ರಾಚೀನರಿಗೆ ಈ ಅಪಾಯವು ಅವಿದಿತವಾಗಿರಲಿಲ್ಲ. ಗರ್ಭಾಶಯವು ಬಿಗಿಯಾಗಿ ಸಂಕುಚಿತವಾಗದಿದ್ದಲ್ಲಿ, ಮಾಸು ಕಳಚಿದ ಎಡೆಯಿಂದ ನೆತ್ತರು ಹರಿಯುವುದು. ಮಿಸೊಪ್ರೊಸ್ಟಾಲ್ ಗುಳಿಗೆಯು ಆ ಸಂಕೋಚವನ್ನುಂಟುಮಾಡುತ್ತದೆ. ಸೂಜಿಯೂ ಶೀತಪೆಟ್ಟಿಗೆಯೂ ಬೇಡ. ಬಾಯಿಂದ ನುಂಗಿದರೆ ಸಾಕು. ಮನೆಯಲ್ಲಾಗುವ ಹೆರಿಗೆಯಲ್ಲಿಯೂ ಇದು ತಾಯಿಯನ್ನು ರಕ್ಷಿಸುವುದೇ ಎಂಬುದೇ ಪತ್ರದ ಪ್ರಶ್ನೆ.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಸ್ತ್ರೀಯರನ್ನು ಯಾದೃಚ್ಛಿಕವಾಗಿ ಎರಡು ಪಂಗಡಗಳಾಗಿ ವಿಭಾಗಿಸಿ, 812 ಮಂದಿಗೆ 600 ಮೈಕ್ರೊಗ್ರಾಂ ಔಷಧವನ್ನೂ 808 ಮಂದಿಗೆ ತದ್ರೂಪವಾದ ನಿರೌಷಧ ಗುಳಿಗೆಯನ್ನೂ ಕೊಡಲಾಯಿತು. ತಾರ್ಕಿಕರು ಇದನ್ನು ಅನ್ವಯವ್ಯತಿರೇಕವೆಂದು ಕೂಡಲೆ ಗುರುತಿಸಬಲ್ಲರು. ಯಾದೃಚ್ಛಿಕ ವಿಭಾಗದ ಪ್ರಯೋಜನವು ಉಪಾಧಿನಿರಾಸವೇ: ವಯಸ್ಸು, ದೇಹಬಲ, ಬಡತನ ಮುಂತಾದ ಅನ್ಯಕಾರಣಗಳು ಎರಡು ಪಂಗಡಗಳಲ್ಲಿಯೂ ಬಹುಮಟ್ಟಿಗೆ ಸಮನಾಗಿ ಹಂಚಿಹೋಗುವುದರಿಂದ ಫಲಭೇದವು ಔಷಧಕ್ಕೇ ಸಲ್ಲುವುದು. 500 ಮಿಲಿಲೀಟರು ಅಥವಾ ಅದಕ್ಕೂ ಮಿಕ್ಕ ರಕ್ತಸ್ರಾವವು ನೂರಕ್ಕೆ 12.0ರಿಂದ 6.4ಕ್ಕೆ ಇಳಿಯಿತು, ತೀವ್ರಸ್ರಾವವು 1.2ರಿಂದ 0.2ಕ್ಕೆ. ಚಳಿನಡುಕವೂ ಜ್ವರವೂ ಔಷಧದ ಪಂಗಡದಲ್ಲಿ ಹೆಚ್ಚಾದುವು. ಆದರೆ ಅವು ತಾತ್ಕಾಲಿಕ.

ಈ ಪತ್ರದ ಮೊದಲ ಗುಣವು ಮಾನಶುದ್ಧಿ. ಅಳತೆಯ ಗೆರೆಗಳುಳ್ಳ ಚೀಲವಿರುವ ಹಾಸನ್ನು ಹಾಸಿ ರಕ್ತವನ್ನು ಅಳೆದರು. ಅದೇ ಸಂಸ್ಥೆಯಲ್ಲಿ 123 ಹೆರಿಗೆಗಳ ಮೇಲೆ ನಡೆದು 2006ರಲ್ಲಿಯೇ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ, ಕಣ್ಣಂದಾಜು ಹಾಸಿನ ಅಳತೆಗಿಂತ ನೂರಕ್ಕೆ 33ರಷ್ಟು ಕಡಿಮೆಯಾಗಿ ಕಂಡಿತು. ಪ್ರತ್ಯಕ್ಷವೂ ಪರೀಕ್ಷೆಯಿಲ್ಲದೆ ಪ್ರಮಾಣವಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ದುರ್ಲಭ. ಎರಡನೆಯ ಗುಣವು ವಾಕ್ಸಂಯಮ. "ಅರ್ಧದಷ್ಟು ಇಳಿಯಿತು" ಎಂಬುದೂ "ಹದಿನೆಂಟು ಮಂದಿಗೆ ಕೊಟ್ಟರೆ ಒಬ್ಬಳಿಗೆ ತಪ್ಪಿತು" ಎಂಬುದೂ ಒಂದೇ ಗಣಿತದ ಮಾತುಗಳಾದರೂ, ಮೊದಲನೆಯದು ಬೆರಗನ್ನೂ ಎರಡನೆಯದು ವಿವೇಕವನ್ನೂ ಹುಟ್ಟಿಸುತ್ತದೆ. ಲೇಖಕರು ಎರಡನೆಯದನ್ನೂ ಹೇಳಿರುವುದು ಶ್ಲಾಘ್ಯ.

ಇಲ್ಲಿ ಪೂರ್ವಪಕ್ಷವು ಏಳುತ್ತದೆ: ರಕ್ತಸ್ರಾವದ ಭಯವಿರುವಾಗ 808 ತಾಯಂದಿರಿಗೆ ನಿರೌಷಧ ಗುಳಿಗೆಯನ್ನು ಕೊಡುವುದು ಧರ್ಮವೇ? ಸಮಾಧಾನವು ಹೀಗೆ: ಅಂದಿನ ಹಳ್ಳಿಯ ಹೆರಿಗೆಯಲ್ಲಿ ಇಂಥ ಔಷಧದ ಬಳಕೆ ವಾಡಿಕೆಯಾಗಿರಲಿಲ್ಲ, ಗುಳಿಗೆಯ ಫಲವು ಆ ಸ್ಥಿತಿಯಲ್ಲಿ ಸಂದಿಗ್ಧವಾಗಿತ್ತು, ಸಂದೇಹವಿದ್ದಲ್ಲಿಯೇ ಪರೀಕ್ಷೆ. ಆದರೆ ಈ ಸಮಾಧಾನವು ಅರ್ಧ ಮಾತ್ರ. ಸಂದೇಹವು ತೀರಿದ ಬಳಿಕ ಫಲವನ್ನು ಅಂಥ ತಾಯಂದಿರಿಗೆ ಮುಟ್ಟಿಸಿದಲ್ಲದೆ ಋಣವು ತೀರದು. ವಿಶ್ವ ಆರೋಗ್ಯ ಸಂಸ್ಥೆಯು ಈ ಕಾರ್ಯಕ್ಕಾಗಿ ಆ ಗುಳಿಗೆಯನ್ನು ಅಗತ್ಯೌಷಧಗಳ ಪಟ್ಟಿಗೆ ಸೇರಿಸಿದುದು 2011ರಲ್ಲಿ. ಅಷ್ಟರಲ್ಲಿ ಐದು ವರ್ಷಗಳು ಕಳೆದಿದ್ದುವು.

ಇನ್ನೊಂದು ಎಚ್ಚರಿಕೆ. ಈ ಪತ್ರವು ಸಿದ್ಧಪಡಿಸಿದುದು ಸ್ರಾವದ ಇಳಿತವನ್ನು, ಮರಣದ ಇಳಿತವನ್ನಲ್ಲ. ಅದಕ್ಕೆ 1620ರ ಸಂಖ್ಯೆ ಸಾಲದು. ಹೇತುವು ಎಷ್ಟು ದೂರ ಹೋಗುವುದೋ ಪ್ರತಿಜ್ಞೆಯು ಅಲ್ಲಿಗೇ ನಿಲ್ಲಬೇಕು. ಮುಂದೆ 2023ರಲ್ಲಿ ಆಫ್ರಿಕದ ನಾಲ್ಕು ದೇಶಗಳಲ್ಲಿ, ಎರಡು ಲಕ್ಷಕ್ಕೂ ಮಿಕ್ಕ ಹೆರಿಗೆಗಳಲ್ಲಿ, ಇಂಥ ಅಳತೆಯ ಹಾಸನ್ನೂ ಒಡನೆಯೇ ಮಾಡುವ ಚಿಕಿತ್ಸಾಸಮುದಾಯವನ್ನೂ ಕೂಡಿಸಿ ನೋಡಿದಾಗ, ತೀವ್ರಸ್ರಾವಾದಿ ಅನರ್ಥಗಳು ನೂರಕ್ಕೆ 60ರಷ್ಟು ಕಡಿಮೆಯಾದುವು. ಬೆಳಗಾವಿಯವರು ಅಳತೆಗೆ ಕೊಟ್ಟ ಗೌರವವು ಯುಕ್ತವೆಂದು ಇದರಿಂದ ದೃಢವಾಯಿತು.

ಉಳಿದಿರುವ ದೋಷವು ಪತ್ರದ್ದಲ್ಲ, ನಮ್ಮದು. ಗುಳಿಗೆಯನ್ನು ಕೊಟ್ಟವರು ಜನರು ನರ್ಸಮ್ಮನೆಂದು ಕರೆಯುವ ಸಹಾಯಕ ಸೂಲಗಿತ್ತಿಯರು. ಪತ್ರವು ಮಾತ್ರ ಇಂಗ್ಲಿಷಿನಲ್ಲಿದೆ. ಅವರ ಕೈಗೆಲಸದಿಂದ ಹುಟ್ಟಿದ ಜ್ಞಾನವು ಅವರ ನುಡಿಗೆ ಮರಳಬೇಡವೇ? ಅನುಗೊಂಡನಹಳ್ಳಿಯಂಥ ಹೋಬಳಿಯೂರಿನ ಹೆಣ್ಣುಮಗಳೂ ಗ್ರಹಿಸುವಂತೆ ಇದನ್ನು ಬರೆಯುವಾಗ "ಪ್ರಸವೋತ್ತರಾತಿರಕ್ತಸ್ರಾವ" ಎಂದು ಸಮಾಸ ಕಟ್ಟುವುದಕ್ಕಿಂತ "ಹೆತ್ತಮೇಲೆ ನೆತ್ತರು ಹೆಚ್ಚಾಗಿ ಹೋಗುವುದು" ಎಂಬುದೇ ಮೇಲು. ಅಪರಾ ಎಂಬಲ್ಲಿ ಮಾಸು ಎಂಬುದೇ ಸಾಕು. ಸಂಸ್ಕೃತಪಾಠಶಾಲೆಯಲ್ಲಿ ಬೆಳೆದವನಾದರೂ ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಈ ಭಾಷಾಂತರಕಾರ್ಯವನ್ನು ವೈದ್ಯರೂ ಕನ್ನಡದ ಅಧ್ಯಾಪಕರೂ ಒಡಗೂಡಿ ಕೈಗೊಳ್ಳಬೇಕೆಂದು ವಿಜ್ಞಾಪನೆ.