ಗಾಳಿ ಹಾಸಿದ ಚಪ್ಪಡಿ

ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಕಾಶ್ಮೀರದ ಗುಲ್ಮಾರ್ಗದ ಅಫರ್ವತ್ ಬೆಟ್ಟ ಬೇಗ ಅರ್ಥವಾಗುತ್ತದೆ. ಗಾಳಿ ಬಂದ ಕಡೆ ನೆಲ ಬೋಳು, ಮರೆಯ ಕಡೆ ಹೊಟ್ಟಿನ ಗುಡ್ಡೆ. ಬೆಟ್ಟದ ಏಣಿನ ಮೇಲೂ ಗಾಳಿಯದು ಇದೇ ಕೆಲಸ: ಒಂದು ಮಗ್ಗುಲಿನ ಹಿಮವನ್ನು ಗುಡಿಸಿ ಇನ್ನೊಂದು ಮಗ್ಗುಲಿಗೆ ಸುರಿಯುತ್ತದೆ. ಆಕಾಶದಿಂದ ಒಂದು ಹಳಕೂ ಬೀಳದ ರಾತ್ರಿಯಲ್ಲೂ ಗಾಳಿಮರೆಯ ಇಳಿಜಾರಿನಲ್ಲಿ ಮೊಣಕಾಲುದ್ದ ಹೊಸ ಹಿಮ ಬಂದು ಕೂತಿರಬಹುದು. ನೆತ್ತಿಯಿಂದ ಬಿಳಿ ಹೊಗೆಯಂತೆ ಹಿಮ ಹಾರುತ್ತಿದ್ದರೆ ಪ್ರವಾಸಿಗರು ಫೋಟೊ ತೆಗೆಯುತ್ತಾರೆ. ನಾನು ಆ ಹೊಗೆ ಯಾವ ಕಡೆ ವಾಲಿದೆ ಎಂದು ನೋಡುತ್ತೇನೆ.

ಗಾಳಿಗೆ ಸಿಕ್ಕ ಹಳಕುಗಳು ಉರುಳಿ ಮುರಿದು ನುಚ್ಚಾಗುತ್ತವೆ. ಕೂತಲ್ಲಿ ಒತ್ತೊತ್ತಾಗಿ ಬೆಸೆದುಕೊಳ್ಳುತ್ತವೆ. ಇದು ವಿಂಡ್ ಸ್ಲ್ಯಾಬ್. ನಮ್ಮಲ್ಲಿ ಚಪ್ಪಡಿ ಎಂಬ ಒಳ್ಳೆಯ ಮಾತಿರುವಾಗ ನಾನು ಗಾಳಿಚಪ್ಪಡಿ ಎನ್ನುತ್ತೇನೆ. ಚಪ್ಪಡಿ ಗಟ್ಟಿಯೇ, ಆದರೆ ಅದನ್ನು ಹಾಸಿರುವುದು ಯಾವುದರ ಮೇಲೆ? ಅಡಿಯಲ್ಲಿ ಬನ್ಸಿ ರವೆಯಂತೆ ಅಂಟಿಲ್ಲದ ಹಳೆಯ ಹಿಮವಿದ್ದು, ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಒಬ್ಬನ ಭಾರ ಸಾಕು. ದಪ್ಪಗಿರುವ ನಡುಭಾಗ ನಾಲ್ವರನ್ನು ಹೊತ್ತು, ಬಂಡೆಯ ಬದಿಯ ತೆಳುವಾದ ಅಂಚಿಗೆ ಹೋದ ಐದನೆಯವನಿಗೆ ಒಡೆಯುವುದೂ ಉಂಟು. ಮುಂದೆ ಹೋದವರ ಗೆರೆಗಳನ್ನು ನೋಡಿ ಧೈರ್ಯ ತಂದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ನಮ್ಮಂಥ ಸ್ನೋಬೋರ್ಡಿನವರ ನಾಲಿಗೆಗೆ ಈ ಚಪ್ಪಡಿಯೇ ರುಚಿ ಎಂಬುದು ಬೇರೆ ಪೇಚು. ಸೀಮೆಸುಣ್ಣದಂಥ ನುಣುಪು ಮೈ, ಅಂಚು ಕಚ್ಚಿ ತಿರುಗುವಾಗಿನ ಆ ಸದ್ದು, ಕೊರಕಲುಗಳಲ್ಲಿ ಗಾಳಿಯೇ ಕೆತ್ತಿಟ್ಟ ತೊಟ್ಟಿಲು. ಸ್ಕೀಯ ಕಟ್ಟು ಬಿದ್ದಾಗ ಬಿಚ್ಚಿಕೊಳ್ಳುತ್ತದೆ. ನಮ್ಮ ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುತ್ತವೆ, ಹಿಮ ಹರಿದಾಗ ಹಲಗೆಯೇ ಲಂಗರಾಗಿ ಒಳಕ್ಕೆ ಎಳೆಯುತ್ತದೆ. ದಣಿದಾಗ ಇಳಿಜಾರಿನ ನಟ್ಟನಡುವೆ ಧೊಪ್ಪನೆ ಕೂರುವುದಂತೂ ನಮ್ಮವರ ಹುಟ್ಟುಗುಣ.

ಹಿಮದಡಿ ಹೂತವರು ಎಂದರೆ ಕನ್ನಡಿಗರಿಗೆ ನೆನಪಾಗುವುದು ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹೂತುಹೋದವರು ಆರನೆಯ ದಿನ ಜೀವಂತವಾಗಿ ಸಿಕ್ಕರು. 11ರಂದು ದೆಹಲಿಯಲ್ಲಿ ತೀರಿಕೊಂಡರು. ಊರೂರಲ್ಲಿ ಹರಕೆ ಹೊತ್ತ ಆ ದಿನಗಳು ನಮ್ಮ ಲೆಕ್ಕವನ್ನೇ ತಪ್ಪಿಸಿವೆ. ಇಳಿಜಾರಿನಲ್ಲಿ ಹೂತವರ ಲೆಕ್ಕ ದಿನಗಳದ್ದಲ್ಲ. ಹತ್ತು ಹದಿನೈದು ನಿಮಿಷ ದಾಟಿತೆಂದರೆ ಬದುಕುವ ಆಸೆ ಸರಸರನೆ ಇಳಿಯುತ್ತದೆ. ಅಷ್ಟರಲ್ಲಿ ಅಗೆದು ತೆಗೆಯಬಲ್ಲವರು ಜತೆಗಾರರು ಮಾತ್ರ. ಒಬ್ಬೊಬ್ಬರ ಮೈಮೇಲೂ ಹೂತ ಜಾಗದ ಸುಳಿವು ಕೊಡುವ ಬೀಕನ್, ಚೀಲದಲ್ಲಿ ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು ಮತ್ತು ಲೋಹದ ಸಲಿಕೆ ಇರಬೇಕು. ಇಳಿಯುವುದು ಒಬ್ಬರಾದ ಮೇಲೆ ಒಬ್ಬರು. ಬಾಡಿಗೆಗೆ ತಂದ ಬೀಕನ್ನಿನ ಗುಂಡಿ ಯಾವುದೆಂದು ಬೆಟ್ಟ ಹತ್ತಿಸುವ ಕೇಬಲ್ ಕಾರಿನಲ್ಲಿ, ಅಂದರೆ ಗೊಂಡೋಲದಲ್ಲಿ, ಕೂತು ಹುಡುಕುವವರನ್ನೂ ನೋಡಿದ್ದೇನೆ.

ಸುಮಾರು 3,950 ಮೀಟರ್ ಎತ್ತರಕ್ಕೆ ಆ ಗೊಂಡೋಲ ಹತ್ತಿಸಿ ಬಿಡುತ್ತದೆ. ಗಸ್ತಿನವರು ಕಾಯುವುದು ಅದರ ಕೆಳಗಿನ ಬೋಗುಣಿಯಂಥ ಇಳುಕಲನ್ನು. ಅದರ ಗಡಿಯ ಹಗ್ಗ ದಾಟಿದರೆ ನಮ್ಮ ಹಣೆಬರಹ ನಮ್ಮದು. 2023ರ ಫೆಬ್ರವರಿ 1ರಂದು ಇದೇ ಅಫರ್ವತ್‌ನಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು.

ಒಂದು ಚಳಿಗಾಲ, ಬಿರುಗಾಳಿ ನಿಂತ ಮರುದಿನ, ಹಗ್ಗದಾಚೆ ನಮ್ಮ ಕಾಶ್ಮೀರಿ ಗೈಡ್ ಕೋಲಿನಿಂದ ಹಿಮವನ್ನು ತಟ್ಟಿದರು. ಖಾಲಿ ಹರಿವಾಣ ತಟ್ಟಿದಂತೆ ಡಬ್ಬೆಂದಿತು. ಬೋರ್ಡಿನ ಮೂತಿಯಿಂದ ಒಂದು ಬಿರುಕು ಎರಡು ಮಾರು ಓಡಿ ನಿಂತಿತು. “ಇವತ್ತು ಬೇಡ ಜನಾಬ್, ಎರಡು ಮೂರು ದಿನ ಬಿಟ್ಟು ನೋಡೋಣ” ಎಂದರು. ದುಡ್ಡು, ರಜೆ, ಆ ನೀಲಿ ಆಕಾಶ ಎಲ್ಲವೂ ಕಣ್ಣ ಮುಂದಿದ್ದವು, ಗೊಣಗುತ್ತಲೇ ಹಿಂದಿರುಗಿದೆ.

ಆ ಇಳಿಜಾರಿನ ಹಿಮ ಕುಸಿಯಲೇ ಇಲ್ಲ. ಮರುದಿನ ಮಧ್ಯಾಹ್ನ ಅದರ ಮೇಲೆ ಬೇರೆಯವರ ನಾಲ್ಕು ಚೆಂದದ ಗೆರೆಗಳಿದ್ದವು. ಕೆಳಗಿನ ಚಹಾದಂಗಡಿಯಲ್ಲಿ ನಾನು ಅವನ್ನು ಹೊಟ್ಟೆಕಿಚ್ಚಿನಿಂದ ತೋರಿಸಿದೆ. ಗೈಡ್ ಉಪ್ಪಿನ ಚಹಾ ಊದಿಕೊಳ್ಳುತ್ತ, ನಾಲ್ಕೂ ನಡುವಿನಲ್ಲೇ ಇವೆಯಲ್ಲ ಎಂದಷ್ಟೇ ಅಂದು ಇನ್ನೊಂದು ರೊಟ್ಟಿ ತರಿಸಿದರು.