ತಿರಹುತಾ ಲಿಪಿಯ ಅಂಕಗಳು: ಸಂಕೇತವಿನ್ಯಾಸದ ವಿಮರ್ಶೆ

ಮಿಥಿಲಾದೇಶದಲ್ಲಿ ಸಂಸ್ಕೃತ ಗ್ರಂಥಗಳನ್ನೂ ಮೈಥಿಲೀ ಕಾವ್ಯಗಳನ್ನೂ ವಂಶಾವಳಿಯ ಪಂಜಿಗಳನ್ನೂ ಬರೆಯುತ್ತಿದ್ದ ಲಿಪಿಗೆ ತಿರಹುತಾ ಅಥವಾ ಮಿಥಿಲಾಕ್ಷರವೆಂದು ಹೆಸರು. ೨೦ನೆಯ ಶತಮಾನದಲ್ಲಿ ಅದರ ಸ್ಥಾನವನ್ನು ಬಹುಮಟ್ಟಿಗೆ ನಾಗರಿಯು ಆಕ್ರಮಿಸಿತು. ಅಂಶುಮಾನ್ ಪಾಂಡೆಯವರು ೨೦೧೧ರಲ್ಲಿ ಮಂಡಿಸಿದ ಪ್ರಸ್ತಾವವನ್ನನುಸರಿಸಿ, ಗಣಕಯಂತ್ರಗಳ ಸಾರ್ವತ್ರಿಕ ಸಂಕೇತಕೋಶವಾದ ಯೂನಿಕೋಡಿನ ೭.೦ನೆಯ ಆವೃತ್ತಿಯಲ್ಲಿ, ೨೦೧೪ರಲ್ಲಿ, ಈ ಲಿಪಿಯು ಸೇರಿತು. ಅಲ್ಲಿ ಸೊನ್ನೆ ಮೊದಲುಗೊಂಡು ಒಂಬತ್ತರವರೆಗೆ ಹತ್ತು ಅಂಕಗಳಿಗೆ ಪ್ರತ್ಯೇಕ ಸ್ಥಾನಗಳುಂಟು. ಕಾಲು, ಅರೆ ಮೊದಲಾದ ಭಿನ್ನಗಳಿಗೆ ಇಲ್ಲ. ಈ ವ್ಯವಸ್ಥೆಯು ಯುಕ್ತವೇ ಎಂಬುದು ವಿಚಾರಣೀಯ.

ತಿರಹುತೆಯು ಬಂಗಾಳೀ ಲಿಪಿಯ ಸೋದರಿಯಾದುದರಿಂದ ಬಂಗಾಳೀ ಅಂಕಗಳನ್ನೇ ಇಟ್ಟುಕೊಂಡು ಅಚ್ಚಿನ ಮೊಳೆಯನ್ನು ಮಾತ್ರ ಬದಲಿಸಿದರೆ ಸಾಲದೇ ಎಂಬುದು ಪೂರ್ವಪಕ್ಷ. ಇದಕ್ಕೆ ಸಮಾಧಾನವೇನೆಂದರೆ, ಹಾಗೆ ಮಾಡಿದಲ್ಲಿ ಮೊಳೆಯು ಬದಲಾದೊಡನೆ ಮೂಲಲಿಪಿಯ ಗುರುತೇ ಅಳಿಯುವುದು. ಮೇಲಾಗಿ ಆಕಾರವು ಬೆಲೆಗೆ ಪ್ರಮಾಣವಲ್ಲ. ಬಂಗಾಳಿಯ ನಾಲ್ಕು ಇಂಗ್ಲಿಷಿನ ಎಂಟನ್ನು ಹೋಲುವುದು ಇದಕ್ಕೆ ದೃಷ್ಟಾಂತ. ಕೋಶದಲ್ಲಾದರೋ ಪ್ರತಿಯೊಂದು ಅಂಕಕ್ಕೂ ದಶಮಾನದ ಬೆಲೆಯು ವಿಹಿತವಾಗಿರುವುದರಿಂದ, ಯಂತ್ರವು ಆಕಾರವನ್ನು ಅಪೇಕ್ಷಿಸದೆ ಸಂಖ್ಯೆಯನ್ನು ಗ್ರಹಿಸುತ್ತದೆ. ಮಿಥಿಲೆಯ ಹಸ್ತಪ್ರತಿಗಳಲ್ಲಿ ಕಾಲವನ್ನು ಅನೇಕ ವೇಳೆ ಲಕ್ಷ್ಮಣ ಸಂವತ್ಸರದಲ್ಲಿ ಕೊಟ್ಟಿದೆ. ಆ ಶಕದ ಆರಂಭವರ್ಷವೇ ವಿವಾದಗ್ರಸ್ತ. ಹೀಗಿರಲು ಅಂಕಪಾಠವೂ ಸಂದಿಗ್ಧವಾದರೆ ಗ್ರಂಥಗಳ ಕಾಲನಿರ್ಣಯಕ್ಕೆ ಆಧಾರವೇ ಉಳಿಯದು. ಆದಕಾರಣ ಪ್ರತ್ಯೇಕ ಸ್ಥಾನವು ಯುಕ್ತವೇ ಸರಿ.

ಭಿನ್ನಗಳ ವಿಷಯ ಬೇರೆ. ಕಾಲು, ಅರೆ, ಮುಕ್ಕಾಲು, ಹದಿನಾರನೆಯ ಒಂದು, ಎಂಟನೆಯ ಒಂದು, ಹದಿನಾರನೆಯ ಮೂರು ಎಂಬ ಆರು ಚಿಹ್ನೆಗಳು ೨೦೦೯ರ ೫.೨ನೆಯ ಆವೃತ್ತಿಯಲ್ಲಿಯೇ ಅನೇಕ ಲಿಪಿಗಳಿಗೆ ಸಾಧಾರಣವಾಗಿ ಸೇರಿದುವು. ರೂಪಾಯಿಗೆ ಹದಿನಾರಾಣೆಯ ಲೆಕ್ಕವಿದ್ದ ಕಾಲದ ಈ ಗೆರೆಗಳು ಲೆಕ್ಕಪತ್ರದ ರೂಢಿಗೆ ಸೇರಿದುವು, ಯಾವೊಂದು ಲಿಪಿಗೂ ಅಲ್ಲ. ಆದುದರಿಂದ ತಿರಹುತೆಗೆ ಅವನ್ನು ಪುನಃ ವಿಧಿಸಿದ್ದರೆ ಪುನರುಕ್ತಿದೋಷವು ಬರುತ್ತಿತ್ತು.

ಆದರೆ ಇವುಗಳಿಗಿಟ್ಟ ಹೆಸರು ನಿರ್ದುಷ್ಟವಲ್ಲ. ಕೋಶವು ಇವನ್ನು 'ಉತ್ತರ ಭಾರತೀಯ' ಭಿನ್ನಗಳೆಂದು ಕರೆಯುತ್ತದೆ. ಅದೇ ಕೋಶದ ಲಿಪಿವಿಸ್ತಾರದ ಪಟ್ಟಿಯಲ್ಲಿ ಇವನ್ನು ಬಳಸುವ ಲಿಪಿಗಳ ಸಾಲಿನಲ್ಲಿ ಕನ್ನಡವೂ ಇದೆ. ಕಾಲು, ಅರೆ, ಮುಕ್ಕಾಲುಗಳಿಗೆ ಮಲೆಯಾಳವೂ ಇದೆ. ಲಕ್ಷ್ಯದಲ್ಲಿರುವುದನ್ನು ಹೆಸರು ಒಳಕೊಳ್ಳದಿರುವುದು ಅವ್ಯಾಪ್ತಿ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಕೋಶದ ನಿಯಮವಾದುದರಿಂದ ಈ ದೋಷವು ಉಳಿದೇ ಇರುವುದು. ಹೆಸರನ್ನು ನಂಬಿ ಕನ್ನಡ ಕಡತಗಳ ಸಂಪಾದಕರು ಈ ಚಿಹ್ನೆಗಳನ್ನು ಪರಕೀಯವೆಂದು ಬಿಟ್ಟು, ಅವುಗಳ ಸ್ಥಾನದಲ್ಲಿ ಬರಿಯ ಅಡ್ಡಗೆರೆ ಉದ್ದಗೆರೆಗಳನ್ನು ಹಾಕಿದರೆ, ಬೆಲೆಯು ನಷ್ಟವಾಗಿ ರೇಖೆ ಮಾತ್ರ ಉಳಿದೀತು. ಪ್ರಯೋಗದಲ್ಲಿ ಹೆಸರಿಗಿಂತ ಪಟ್ಟಿಯೇ ಪ್ರಮಾಣವೆಂದು ಗ್ರಹಿಸತಕ್ಕದ್ದು.